ಆರೋಗ್ಯವಂತರ ಹೆಸರನ್ನೂ ಬರೆದುಕೊಳ್ಳಿ



ಎಂಡೋಸಲ್ಫಾನ್ ಕೀಟನಾಶಕದ ಕುರಿತ ವಿಚಾರ ಸಂಕಿರಣವನ್ನು ನಗರದ ಸಭಾಂಗಣದಿಂದ ನೆರಿಯಕ್ಕೆ ತಂದ ಸಂಘಟಕರಿಗೆ ನಾನು ಋಣಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಔಷಧಿ ಸುರಿದ ಗ್ರಾಮಗಳು ಇಲ್ಲಿಂದ ದೂರವಿಲ್ಲ. ವಿಷಶಾಸ್ತ್ರದ ಸಂಗತಿಯನ್ನು ಮೊದಲ ಸಾಲಿನಲ್ಲಿರುವ ಮಿತ್ರರು ನನಗಿಂತ ಚೆನ್ನಾಗಿ ಹೇಳುತ್ತಾರೆ; ಕೋರ್ಟಿನ ಹಾದಿಯ ಬಗ್ಗೆ ಮಧ್ಯಾಹ್ನದ ಗೋಷ್ಠಿಯಿದೆ. ನಾನು ಬಹುಕಾಲದಿಂದ ಹೇಳುತ್ತ ಬಂದಿರುವ ತಕರಾರು ಒಂದೇ. ನಾವು ರೋಗಿಗಳನ್ನು ಎಣಿಸಿದೆವು, ಊರನ್ನು ಎಣಿಸಲಿಲ್ಲ.

ಈ ಎಣಿಕೆ ಶುರುವಾದದ್ದು ಹಳ್ಳಿಯ ಕಣ್ಣಿನಿಂದಲೇ. ಕಾಸರಗೋಡಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮರುಕಳಿಸುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅಂಗವಿಕಲ ಕರುಗಳನ್ನು ಕಂಡು ಮೊದಲೇ ಬರೆದಿದ್ದರು. ಟೀ ಸೊಳ್ಳೆ ಎಂಬ ಕೀಟದಿಂದ ಗೇರು ಹೂವನ್ನು ಉಳಿಸಲೆಂದು ಆಕಾಶದಿಂದ ಸುರಿದದ್ದು ಗುಡ್ಡ ಇಳಿದು ಬಾವಿ, ಸುರಂಗ, ತೋಡುಗಳ ನೀರಿಗೆ ಸೇರಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿ, ಸಿಂಪಡಣೆ ನಿಂತು ತಿಂಗಳುಗಳಾದರೂ ರಕ್ತದಲ್ಲಿ ವಿಷದ ಅಂಶ ಇರುವುದನ್ನೂ ಪ್ರೌಢಾವಸ್ಥೆ ತಡವಾಗಿರುವುದನ್ನೂ 2003ರಲ್ಲಿ ಪ್ರಕಟಿಸಿತು. ನನ್ನ ಗೌರವಕ್ಕೆ ಪಾತ್ರವಾದ ಅಧ್ಯಯನ ಅದು, ಏಕೆಂದರೆ ಅಲ್ಲಿ ಹೋಲಿಸಲು ಇನ್ನೊಂದು ಊರಿತ್ತು. ಆ ಹುಡುಗರು ಈಗ 30 ದಾಟಿದವರು. ಅವರ ಮಕ್ಕಳ ಬಗ್ಗೆ ಯಾರು ಕೇಳಬೇಕು?

ನಮ್ಮ ಜಿಲ್ಲೆಯಲ್ಲಿ ನಡೆದದ್ದು ಬೇರೆ. ಪರಿಹಾರ ಕೊಡಬೇಕಿತ್ತು, ಆದ್ದರಿಂದ ಪಟ್ಟಿ ಮಾಡಿದರು. ಶೇ. 25ರ ಮೇಲಿನ ವೈಕಲ್ಯಕ್ಕೆ ಮಾಸಾಶನ, ಶೇ. 60 ದಾಟಿದರೆ ಹೆಚ್ಚು. ಹೋರಾಟಗಾರರೂ ಹೈಕೋರ್ಟೂ ಇಲ್ಲದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ; ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಮಾಸಾಶನದ ಪಟ್ಟಿಯನ್ನೇ ವಿಜ್ಞಾನದ ಪಟ್ಟಿ ಎಂದುಕೊಂಡೆವು. ಗರ್ಭಪಾತಕ್ಕೆ ಶೇಕಡಾವಾರು ಇಲ್ಲ. ಹತ್ತು ವರ್ಷದ ನಂತರ ಬರುವ ಗಡ್ಡೆಗೂ ಇಲ್ಲ. ಅದೇ ಬಾವಿಯ ನೀರು ಕುಡಿದು ಆರೋಗ್ಯವಾಗಿರುವವರ ಹೆಸರಂತೂ ಎಲ್ಲೂ ಇಲ್ಲ.

ಇಲ್ಲಿ, ಊರಿಗೆ ಊರನ್ನೇ ವರ್ಷಗಟ್ಟಲೆ ಪರೀಕ್ಷಿಸಿದ ಪೆಸಿಫಿಕ್‌ನ ರೊಂಗೆಲಾಪ್ ದ್ವೀಪದ ಸಂಗತಿ ಹೇಳಲೇಬೇಕು. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಅಮೆರಿಕ ಸ್ಫೋಟಿಸಿದ ಬಾಂಬಿನ ಬೂದಿ ಆ ಜನರ ಮೈಮೇಲೆ ಉದುರಿತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ವೈದ್ಯರು ಪ್ರತಿವರ್ಷ ಹೋಗಿ ತಪಾಸಣೆ ನಡೆಸಿದರು. ಥೈರಾಯ್ಡ್ ಗಂಟು ಮೊದಲು ಕಂಡದ್ದು 1963ರಲ್ಲಿ. ಐದು ವರ್ಷಕ್ಕೆ ಕಡತ ಮುಚ್ಚಿದ್ದರೆ ಅದು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಇದು ಅಲ್ಲಿಂದ ಕಲಿಯಬೇಕಾದದ್ದು. ಕಲಿಯಬಾರದ್ದೂ ಇದೆ: ಬಾಂಬಿನ ದಿನ ಬೇರೆಡೆ ಇದ್ದ ರೊಂಗೆಲಾಪ್ ಜನರನ್ನು ಹೋಲಿಕೆಯ ಗುಂಪು ಮಾಡಿಕೊಂಡು, 1957ರಲ್ಲಿ ಅವರೂ ಅದೇ ಕಲುಷಿತ ದ್ವೀಪಕ್ಕೆ ಮರಳಲು ಬಿಟ್ಟರು. ಹೋಲಿಕೆಯೂ ಕೆಟ್ಟಿತು, ಮನುಷ್ಯರಿಗೂ ಕೇಡಾಯಿತು. ನಮ್ಮನ್ನು ಪರೀಕ್ಷಿಸಿದರು, ಗುಣಪಡಿಸಲಿಲ್ಲ ಎಂಬುದು ಆ ಜನರ ದೂರು. 1985ರಲ್ಲಿ ಅವರು ತಾವಾಗಿಯೇ ದ್ವೀಪ ಬಿಟ್ಟರು.

ಕೊಕ್ಕಡದ ಕಡೆಯ ಒಬ್ಬ ತಾಯಿಯೂ ನನಗೆ ಹೆಚ್ಚುಕಡಿಮೆ ಅದೇ ದೂರನ್ನು ಹೇಳಿದ್ದರು. ಮಗನನ್ನು ಮಗ್ಗುಲು ತಿರುಗಿಸುತ್ತಲೇ, ಬರುವವರೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ, ಎರಡನೇ ಸಲ ಬಂದವರಿಲ್ಲ ಎಂದರು. ಆಮೇಲೆ ಅವರು ಕೇಳಿದ್ದು ಮಗಳ ವಿಷಯ. ಮಗಳು ಚೆನ್ನಾಗಿದ್ದಾಳೆ, ಮದುವೆ ಮಾಡಬಹುದೇ?

ನನಗೆ ಬಿಡಿಸಲಾಗದ ಪ್ರಶ್ನೆ ಅದೇ. 2000ದ ಕೊನೆಗೆ ಸಿಂಪಡಣೆ ನಿಂತಿತು. ಬಾಂಬಿನ ಬೂದಿಯ ಸೀಸಿಯಂ ಹಾಗೆ ಎಂಡೋಸಲ್ಫಾನ್ ದಶಕಗಟ್ಟಲೆ ನೆಲದಲ್ಲಿ ಕೂರುವ ವಸ್ತುವಲ್ಲ. ಹಾಗಾದರೆ ಆಮೇಲೆ ಹುಟ್ಟಿದ ಮಗುವಿಗೆ ತೊಂದರೆಯಾದಾಗ ಅದು ತಂದೆತಾಯಿಯ ದೇಹದ ಮೂಲಕ ಬಂದದ್ದೋ, ಎಲ್ಲ ಊರಲ್ಲೂ ಇರುವಂಥದ್ದೋ? ‘ತಂದೆತಾಯಿಯ ಮೂಲಕವೇ’ ಎನ್ನುವವರೂ ‘ಅಲ್ಲ’ ಎನ್ನುವವರೂ ಈ ಸಭೆಯಲ್ಲಿದ್ದಾರೆ. ಇಬ್ಬರ ಬಳಿಯೂ ಇರುವುದು ರೋಗಿಗಳ ಪಟ್ಟಿ ಮಾತ್ರ. ಅದರಿಂದ ಎರಡನ್ನೂ ಸಾಧಿಸಲಾಗದು. ಆ ಮಗಳಿಗೆ ಧೈರ್ಯ ಹೇಳಲೂ ಆಗದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಔಷಧಿ ಬಿದ್ದ ಗ್ರಾಮಗಳ ಪ್ರತಿ ಮನೆಯ ಪ್ರತಿಯೊಬ್ಬರ ಹೆಸರು ಬರೆಯಿರಿ, ಆರೋಗ್ಯವಂತರದ್ದೂ, ಊರು ಬಿಟ್ಟು ಬೆಂಗಳೂರಿಗೆ ಹೋದವರದ್ದೂ. ಔಷಧಿ ಬೀಳದ ಒಂದು ಗ್ರಾಮವನ್ನು ಜೊತೆಗಿಡಿ. ತಪಾಸಣೆಗೆ ಹೋಗುವ ವಾಹನದಲ್ಲಿ ಚಿಕಿತ್ಸೆ ಕೊಡುವ ವೈದ್ಯರೂ ಇರಲಿ. ಕಂಡದ್ದನ್ನು ಮೊದಲು ಆ ಮನೆಯವರಿಗೆ ಕನ್ನಡದಲ್ಲೋ ತುಳುವಿನಲ್ಲೋ ತಿಳಿಸಿ. ಇದಕ್ಕೆ ಬೇಕಾದ ಮನೆಮನೆಯ ತಿಳಿವಳಿಕೆ ಕೊಕ್ಕಡ, ನಿಡ್ಲೆ, ಪಟ್ರಮೆಯಿಂದ ಮಳೆಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕುಳಿತ ಆಶಾ ಕಾರ್ಯಕರ್ತೆಯರಲ್ಲಿದೆ. ಸಂಜೆಯ ನಿರ್ಣಯ ಬರೆಯುವಾಗ ಅವರನ್ನು ದಯವಿಟ್ಟು ಮೇಜಿನ ಬಳಿಗೆ ಕರೆಯಿರಿ.