ಊಟಿಯ ಹೈಡ್ರೇಂಜಿಯಾಗೆ ನಮ್ಮೂರ ಏಪ್ರಿಲ್

ಊಟಿಗೋ ಮಡಿಕೇರಿಗೋ ಹೋದವರು ಅಲ್ಲಿ ಬೇಲಿ ಪಕ್ಕದಲ್ಲಿ ದಪ್ಪ ದಪ್ಪ ನೀಲಿ ಗೊಂಚಲು ನೋಡಿ ಮರುಳಾಗ್ತಾರೆ. ಬರುವಾಗ ಕಾರಿನ ಡಿಕ್ಕಿಯಲ್ಲಿ ಒಂದು ಹೈಡ್ರೇಂಜಿಯಾ ಗಿಡ ಜೊತೆಗೆ ಬಂದಿರುತ್ತೆ. ಫೆಬ್ರವರಿ ತನಕ ಏನೂ ತಕರಾರಿಲ್ಲ. ಏಪ್ರಿಲ್‌ನಲ್ಲಿ ನೋಡಿ, ಮಧ್ಯಾಹ್ನ ಎರಡು ಗಂಟೆಗೆ ಎಲೆಗಳೆಲ್ಲ ಜೋತುಬಿದ್ದಿರ್ತವೆ. ಅಯ್ಯೋ ಪಾಪ ಅಂತ ಒಂದು ಚೊಂಬು ನೀರು ಸುರೀತೀವಿ. ಮಾರನೇ ದಿನ ಮತ್ತೆ ಅದೇ ಕಥೆ. ಬಿಸಿಲಿಗಿಂತ ಈ ಅಯ್ಯೋ ಪಾಪಕ್ಕೇ ಹೆಚ್ಚು ಗಿಡಗಳು ಬಲಿಯಾಗೋದು ಅಂತ ನನ್ನ ಅನಿಸಿಕೆ.

ಕುಂಡಗಳಲ್ಲಿ ಸಾಮಾನ್ಯವಾಗಿ ಸಿಗೋ ಈ ಜಾತಿ ಜಪಾನಿನದು, ತೇವದ ಹವೆಗೆ ಒಗ್ಗಿದ್ದು. ಎಲೆ ಅಗಲ. ಒಣಗಾಳಿ ಬೀಸಿದಾಗ ಎಲೆಯಿಂದ ನೀರು ಹಾರಿಹೋಗೋ ವೇಗಕ್ಕೆ ಬೇರು ಪೂರೈಸೋಕೆ ಆಗಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಜೋಲುತ್ತೆ. ಹೊತ್ತು ಮುಳುಗಿದ ಮೇಲೆ ತಾನಾಗಿ ನೆಟ್ಟಗಾದರೆ ಚಿಂತೆ ಬೇಡ. ಬೆಳಿಗ್ಗೆ ಏಳು ಗಂಟೆಗೂ ಜೋತೇ ಇದೆಯಾ? ಆಗ ಬೆರಳನ್ನ ಎರಡು ಗೆಣ್ಣು ಆಳಕ್ಕೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ಬಾಯಾರಿಕೆ. ತಂಪಾಗಿ ಅಂಟಿಕೊಂಡು, ಕೊಳೆತ ವಾಸನೆ ಬಂದರೆ ಬೇರು ಹೋಗ್ತಾ ಇದೆ, ನೀರು ನಿಲ್ಲಿಸಿ.

ಇನ್ನೊಂದು ಮೋಸ ಇದೆ. ಕೋಕೋಪೀಟ್ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತೆ. ಹಾಕಿದ ನೀರು ಆ ಸಂದಿನಲ್ಲೇ ಜಾರಿ ಕೆಳಗಿನ ತೂತಿಂದ ಹೊರಗೆ ಬರುತ್ತೆ. ನಾವು ಚೆನ್ನಾಗಿ ನೆನೆದಿದೆ ಅಂದ್ಕೋತೀವಿ, ನಡುವಿನ ಬೇರಿನ ಮುದ್ದೆ ಬೆಂಡಿನ ಹಾಗೆ ಒಣಗಿರುತ್ತೆ. ಅಂಥ ಕುಂಡವನ್ನ ಅರ್ಧ ಗಂಟೆ ಬಕೆಟ್ ನೀರಲ್ಲಿ ಕೂರಿಸಿ, ಗುಳ್ಳೆ ಬರೋದು ನಿಂತ ಮೇಲೆ ತೆಗೆದು ನೀರು ಬಸಿಯೋಕೆ ಬಿಡಿ.

ಜಾಗ? ಮನೆಯ ಪೂರ್ವಕ್ಕೆ. ಬೆಳಗಿನ ಎಳೆ ಬಿಸಿಲು ಸಿಗಲಿ, ಹನ್ನೊಂದರ ಹೊತ್ತಿಗೆ ನೆರಳು ಬೀಳಲಿ. ಪಶ್ಚಿಮದ ಗೋಡೆ, ಬರಿ ತಾರಸಿ ಎರಡೂ ಬೇಡ, ಸಿಮೆಂಟು ರಾತ್ರಿವರೆಗೂ ಕಾವು ಕಾರುತ್ತೆ. ತಾರಸಿ ಬಿಟ್ಟರೆ ಗತಿಯಿಲ್ಲ ಅನ್ನೋರು ಶೇಡ್ ನೆಟ್ ಕಟ್ಟಿ. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕುಂಡವನ್ನ ದೊಡ್ಡ ಮಣ್ಣಿನ ಕುಂಡದೊಳಗೆ ಇಟ್ಟು ಸಂದಿಗೆ ತೆಂಗಿನ ನಾರು ತುಂಬಿದರೆ ಬೇರಿಗೆ ಕಾವು ತಟ್ಟೋದು ಕಮ್ಮಿ. ಮೇಲೆ ಎರಡು ಇಂಚು ತರಗೆಲೆ ಹೊದಿಸಿ, ಕಾಂಡದ ಬುಡ ಮಾತ್ರ ಬಿಟ್ಟು.

ಈಗ ನೀರಿನ ವಿಷಯ. ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ? ಅದು ಬೋರ್‌ವೆಲ್‌ನ ಗಡಸು ನೀರು ಬಿಟ್ಟುಹೋದ ಉಪ್ಪು. ಅದು ಮಣ್ಣನ್ನ ಕ್ಷಾರದ ಕಡೆ ತಳ್ಳುತ್ತೆ. ಆಗ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ನರ ಹಸಿರಾಗೇ ಉಳಿದು ಎಳೆ ಎಲೆ ಹಳದಿ ಆಗುತ್ತೆ. ಊಟಿಯ ನೀಲಿ ನಮ್ಮೂರಲ್ಲಿ ಗುಲಾಬಿ ಬಣ್ಣ ಆಗೋದೂ ಇದರಿಂದಲೇ. ಮಣ್ಣಿನ ಪಿಎಚ್ 5.5ರ ಆಸುಪಾಸು ಅಥವಾ ಅದಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಬೇರಿಗೆ ದಕ್ಕಿ ಹೂ ನೀಲಿಯಾಗುತ್ತೆ. 6.5 ದಾಟಿದರೆ ಗುಲಾಬಿ. ಬಿಳಿ ಹೂವಿನ ತಳಿ ಇದಕ್ಕೆಲ್ಲ ಜಗ್ಗಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನ ಈ ಗಿಡಕ್ಕೇ ಮೀಸಲಿಡಿ. ಆರ್‌ಓ ಯಂತ್ರದಿಂದ ಪೋಲಾಗೋ ನೀರು ಮಾತ್ರ ದಯವಿಟ್ಟು ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಉರಿ ಬೇಸಿಗೆಯಲ್ಲಿ ಗೊಬ್ಬರ ಹಾಕಬೇಡಿ. ಎಲೆ ಮೇಲೆ ಸಣ್ಣ ಚುಕ್ಕಿ, ಹಿಂಭಾಗದಲ್ಲಿ ಬಲೆ ಕಂಡರೆ ನುಸಿ ಬಿದ್ದಿದೆ, ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ.

ಕತ್ತರಿ ಹಾಕೋದಾದರೆ ಹೂ ಮುಗಿದ ಕೂಡಲೇ. ಮುಂದಿನ ಸಲದ ಮೊಗ್ಗು ಹಳೇ ರೆಂಬೆಯಲ್ಲೇ ಕಟ್ಟೋದು, ಅದಕ್ಕೆ ಕೆಲವು ವಾರ 18 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಬೆಂಗಳೂರು, ಬೆಳಗಾವಿಯ ಚಳಿಗಾಲದಲ್ಲಿ ಆಸೆ ಇಟ್ಟುಕೊಳ್ಳಬಹುದು. ರಾಯಚೂರು, ಕಲಬುರಗಿಯವರೇ, ನಿಮಗೆ ಸುಳ್ಳು ಹೇಳಲ್ಲ: ಹೂ ಬಿಟ್ಟಿರೋ ಗಿಡ ತಂದು ಆ ಒಂದು ಸಲ ಕಣ್ತುಂಬ ನೋಡಿ, ಮರುವರ್ಷದ ಹೂವಿಗೆ ಕಾಯಬೇಡಿ. ನಿಮ್ಮ ಬಿಸಿಲಿಗೆ ದಾಸವಾಳವೇ ಸೈ.

ಹಾಂ, ಕತ್ತರಿಸಿದ ಸೊಪ್ಪನ್ನ ಹಸು, ಮೇಕೆ ಮುಂದೆ ಹಾಕಬೇಡಿ. ಈ ಗಿಡದ ಎಲೆ, ಮೊಗ್ಗಿನಲ್ಲಿ ವಿಷ ಇದೆ. ಮನೆಯಲ್ಲಿ ನಾಯಿಮರಿ ಇದ್ದರೆ ಕುಂಡ ಸ್ವಲ್ಪ ಎತ್ತರದಲ್ಲಿಡಿ.