ಅರಿಯದುದರ ಅಂಜಿಕೆ

ಹಸಿದವನು ಅನ್ನವನ್ನು ಹುಡುಕುತ್ತಾನೆ. ದಣಿದವನು ನೆರಳನ್ನು ಹುಡುಕುತ್ತಾನೆ. ಇವೆರಡೂ ನಮಗೆ ಸಹಜವಾಗಿ ತೋರುತ್ತವೆ. ಆದರೆ ಭಯವನ್ನು ತಾನಾಗಿಯೇ ಹುಡುಕಿಕೊಂಡು ಹೋಗಿ, ಅದಕ್ಕಾಗಿ ಹಣವನ್ನೂ ತೆತ್ತು, ಹೆದರಿ, ಹೆದರಿದ್ದಕ್ಕಾಗಿ ಸಂತೋಷಪಡುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ಮಳೆಗಾಲದ ರಾತ್ರಿ ಅಜ್ಜಿಯ ಸೆರಗು ಹಿಡಿದು “ಇನ್ನೊಂದು ದೆವ್ವದ ಕತೆ ಹೇಳು” ಎಂದು ಪೀಡಿಸುವ ಮಗುವಿನಲ್ಲಿಯೂ ಈ ವಿಚಿತ್ರವಿದೆ. ಮಧ್ಯರಾತ್ರಿ ದೀಪವಾರಿಸಲು ಅಂಜುತ್ತ ಪುಸ್ತಕದ ಕೊನೆಯ ಪುಟಗಳನ್ನು ಮಗುಚುವ ವಿದ್ಯಾವಂತನಲ್ಲಿಯೂ ಇದೆ. ಇದರ ಒಂದು ಮುಖವನ್ನು ಕುರಿತು ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ನಮ್ಮ ಪ್ರಾಚೀನ ಮೀಮಾಂಸಕರು ಈ ಪ್ರಶ್ನೆಯನ್ನು ಎದುರಿಸದೆ ಬಿಟ್ಟವರಲ್ಲ. ಭರತನ ನಾಟ್ಯಶಾಸ್ತ್ರ ಎಣಿಸುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದರ ಸ್ಥಾಯಿಭಾವ ಭಯ. ಲೋಕದಲ್ಲಿ ದುಃಖವನ್ನು ತರುವ ಭಯ ಕಾವ್ಯದಲ್ಲಿ ಹೇಗೆ ಆಸ್ವಾದ್ಯವಾದೀತು ಎಂಬುದನ್ನು ವಿವರಿಸುವಾಗ ಅಭಿನವಗುಪ್ತ ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು ಉದಾಹರಿಸುತ್ತಾನೆ. ದುಷ್ಯಂತನ ಬಾಣಕ್ಕೆ ಬೆದರಿ, ಮತ್ತೆ ಮತ್ತೆ ಕತ್ತು ಹೊರಳಿಸಿ ಹಿಂದೆ ನೋಡುತ್ತ ಓಡುವ ಜಿಂಕೆ ಅದು. ನಾಟಕವನ್ನು ನೋಡುವವನ ಮನಸ್ಸಿನಲ್ಲಿ ಮೂಡುವ ಭಯ ಆ ಜಿಂಕೆಯದೂ ಅಲ್ಲ, ಅವನದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯ. ಆದ್ದರಿಂದಲೇ ಅದನ್ನು ಸವಿಯಬಹುದು ಎಂಬುದು ಅವನ ವಿವರಣೆಯ ಸಾರ. ಒಪ್ಪತಕ್ಕ ಮಾತೇ ಹೌದು. ಆದರೆ ಒಂದಂಶವನ್ನು ಗಮನಿಸಬೇಕು. ತಾನು ಯಾವುದಕ್ಕೆ ಹೆದರುತ್ತಿದ್ದೇನೆಂಬುದು ಆ ಜಿಂಕೆಗೆ ಗೊತ್ತು. ಹಿಂದೆ ರಥವಿದೆ, ರಥದಲ್ಲಿ ಬೇಟೆಗಾರನಿದ್ದಾನೆ, ಅವನ ಕೈಯಲ್ಲಿ ಬಿಲ್ಲಿದೆ. ಕತ್ತು ಹೊರಳಿಸಿದಾಗ ಅಲ್ಲಿ ರಥವೂ ಇಲ್ಲ, ಬೇಟೆಗಾರನೂ ಇಲ್ಲ, ಕಾಡಿಗೆ ಕಾಡೇ ಅಟ್ಟಿಕೊಂಡು ಬರುತ್ತಿದೆ ಎಂದಾಗಿದ್ದರೆ?

ನಾವು ಕೇಳಿ ಬೆಳೆದ ದೆವ್ವಗಳೂ ಒಂದರ್ಥದಲ್ಲಿ ನಮಗೆ ಪರಿಚಿತರೇ. ಅವಕ್ಕೆ ಹೆಸರಿದೆ, ಊರಿದೆ, ಸತ್ತದ್ದಕ್ಕೆ ಒಂದು ಕಾರಣವಿದೆ. ಒಂದಕ್ಕೆ ತೀರದ ಹಗೆ, ಇನ್ನೊಂದಕ್ಕೆ ತೀರದ ಆಸೆ. ಹಗೆ ತೀರಿದರೆ, ಎಡೆಯಿಟ್ಟರೆ, ಅವು ಹೊರಟುಹೋಗುತ್ತವೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಬೇರೆ ಊರುಗಳಲ್ಲಿಯೂ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ಬಂದು ಬಲ್ಲವರ ದನಿಯಲ್ಲಿ ಕರೆಯುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ನನಗೆ ಈ ದೆವ್ವದ ಮೇಲೆ ಒಂದು ಬಗೆಯ ಅಕ್ಕರೆಯಿದೆ. ಅದು ಕನ್ನಡ ಬಲ್ಲದು, ಓದುಬರಹ ಕಲಿತಿದೆ, ಕೊಟ್ಟ ವಾಯಿದೆಯನ್ನು ಮನ್ನಿಸುತ್ತದೆ. ಎಷ್ಟೇ ಕ್ರೂರವಾಗಿದ್ದರೂ ಅದು ನಮ್ಮನ್ನೇ ಅರಸಿಕೊಂಡು ಬಂದಿದೆ. ನಮ್ಮ ಮನೆಯ ಬಾಗಿಲು ಅದಕ್ಕೆ ಮುಖ್ಯ.

ಇದಕ್ಕೆ ತೀರ ವಿರುದ್ಧವಾದ ಭಯವೊಂದುಂಟು. ಅಲ್ಲಿ ಎದುರಿಗಿರುವುದಕ್ಕೆ ನಮ್ಮ ಮೇಲೆ ಹಗೆಯಿಲ್ಲ, ಪ್ರೀತಿಯೂ ಇಲ್ಲ. ನಾವು ಇದ್ದೇವೆಂಬುದೇ ಅದಕ್ಕೆ ತಿಳಿಯದು. ಇರುವೆಗಳ ಸಾಲಿನ ಮೇಲೆ ಎತ್ತಿನ ಗಾಡಿ ಹಾಯ್ದು ಹೋಗುತ್ತದೆ. ಗಾಡಿಗೆ ಇರುವೆಯ ಮೇಲೆ ಏನು ವೈರ? ಇಂಗ್ಲಿಷಿನಲ್ಲಿ ‘ಕಾಸ್ಮಿಕ್ ಹಾರರ್’ ಎಂದು ಹೆಸರಾದ ಈ ಭಾವವನ್ನು ನಾವು ‘ವಿಶ್ವಭೀತಿ’ ಎಂದು ಕರೆಯೋಣ. ಕಥಾಸಾಹಿತ್ಯದಲ್ಲಿ ಇದನ್ನು ನೆಲೆಗೊಳಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್. 1890ರ ಆಗಸ್ಟ್ 20ರಂದು ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಲ್ಲಿ ಅವನು ಹುಟ್ಟಿದ. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ತಂದೆ ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿ 1898ರಲ್ಲಿ ತೀರಿಕೊಂಡ. ತಾಯಿಯೂ 1919ರಲ್ಲಿ ಅದೇ ಆಸ್ಪತ್ರೆಯನ್ನು ಸೇರಿ 1921ರಲ್ಲಿ ಕಣ್ಮುಚ್ಚಿದಳು. ‘ವಿಯರ್ಡ್ ಟೇಲ್ಸ್’ ಮೊದಲಾದ ಅಗ್ಗದ ಪತ್ರಿಕೆಗಳಿಗೆ ಕತೆ ಬರೆದು, ಬಡತನದಲ್ಲಿಯೇ ಬಾಳಿ, 1937ರ ಮಾರ್ಚ್ 15ರಂದು ತನ್ನ 46ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಬಹು ಮಂದಿಗೆ ಅವನ ಹೆಸರೇ ತಿಳಿದಿರಲಿಲ್ಲ. 1939ರಲ್ಲಿ ಅವನ ಇಬ್ಬರು ಅಭಿಮಾನಿ ಲೇಖಕರು ಅವನ ಕತೆಗಳನ್ನು ಉಳಿಸುವುದಕ್ಕಾಗಿಯೇ ಒಂದು ಪ್ರಕಾಶನವನ್ನು ಆರಂಭಿಸಿದರು. ಇಂದು ಅವನ ಕತೆಗಳನ್ನು ಓದದವರಿಗೂ ಅವನು ಕಲ್ಪಿಸಿದ ‘ಕ್ತುಲು’ ಎಂಬ ಸಮುದ್ರತಳದ ಮಹಾಜೀವಿಯ ಹೆಸರು ಕಿವಿಗೆ ಬಿದ್ದಿರುತ್ತದೆ.

ಅವನ ರೀತಿಯನ್ನು ತಿಳಿಯಲು ಒಂದು ಕತೆ ಸಾಕು. 1927ರಲ್ಲಿ ಪ್ರಕಟವಾದ ಅದರ ಹೆಸರನ್ನು ‘ಆಚೆಯಿಂದ ಬಂದ ಬಣ್ಣ’ ಎಂದು ಕನ್ನಡಿಸಬಹುದು. ಒಬ್ಬ ರೈತನ ಹೊಲದಲ್ಲಿ, ಬಾವಿಯ ಪಕ್ಕದಲ್ಲಿ, ಒಂದು ಉಲ್ಕೆ ಬೀಳುತ್ತದೆ. ಪಂಡಿತರು ಬಂದು ಅದರ ಚೂರನ್ನು ಕೊಂಡೊಯ್ದು ಪರೀಕ್ಷಿಸುತ್ತಾರೆ; ಚೂರು ದಿನದಿನಕ್ಕೆ ಕುಗ್ಗಿ ಇಲ್ಲವಾಗುತ್ತದೆ. ಅದರೊಳಗಿದ್ದ ಬಣ್ಣ ನಾವು ಬಲ್ಲ ಯಾವ ಬಣ್ಣವೂ ಅಲ್ಲ. ಆ ವರ್ಷ ಹಣ್ಣುಗಳು ಹಿಂದೆಂದೂ ಇಲ್ಲದಷ್ಟು ದಪ್ಪವಾಗಿ ಬೆಳೆಯುತ್ತವೆ, ಬಾಯಿಗಿಟ್ಟರೆ ಕಹಿ. ಗಿಡಮರಗಳು ಕತ್ತಲೆಯಲ್ಲಿ ಮಿನುಗುತ್ತವೆ. ದನಕರುಗಳು ಬೂದಿಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತವೆ. ಮನೆಯವರು ಒಬ್ಬೊಬ್ಬರಾಗಿ ಬುದ್ಧಿ ಕಳೆದುಕೊಂಡು ನಶಿಸುತ್ತಾರೆ. ಆ ರೈತ ಮಾಡಿದ ಪಾಪವೇನು? ಏನೂ ಇಲ್ಲ. ಆ ಬಣ್ಣಕ್ಕೆ ಬೇಕಾದದ್ದೇನು? ಅದು ಜೀವಿಯೋ ವಸ್ತುವೋ? ಕತೆ ಮುಗಿದರೂ ತಿಳಿಯುವುದಿಲ್ಲ. ಕೊನೆಯಲ್ಲಿ ಅದು ಆಕಾಶಕ್ಕೆ ಚಿಮ್ಮಿ ಹೋಗುತ್ತದೆ; ಒಂದಿಷ್ಟು ಮಾತ್ರ ಬಾವಿಯಲ್ಲಿಯೇ ಉಳಿಯುತ್ತದೆ. ಆ ಕಣಿವೆಯಲ್ಲಿ ನಗರಕ್ಕೆ ನೀರೊದಗಿಸುವ ಜಲಾಶಯವೊಂದು ಬರಲಿದೆ ಎಂಬುದನ್ನು ಕತೆಗಾರ ಮೊದಲೇ ನಮ್ಮ ಕಿವಿಯಲ್ಲಿ ಹಾಕಿರುತ್ತಾನೆ. ಹುಣಸೆಮರದ ದೆವ್ವಕ್ಕೆ ಮಂತ್ರವಾದಿಯನ್ನು ಕರೆಸಬಹುದು. ಈ ಬಣ್ಣಕ್ಕೆ ಯಾರನ್ನು ಕರೆಸುವುದು?

ಇಂಥ ಭಯ ಆ ಕಾಲದಲ್ಲಿ ಏಕೆ ಹುಟ್ಟಿತು ಎಂಬುದಕ್ಕೆ ಕಾರಣವಿದೆ. ಲವ್‌ಕ್ರಾಫ್ಟನಿಗೆ ಹುಡುಗನಾಗಿದ್ದಾಗಿನಿಂದ ಖಗೋಳದ ಹುಚ್ಚು. 1903ರಲ್ಲಿ, ಇನ್ನೂ ಹದಿಮೂರು ತುಂಬದ ಬಾಲಕ, ತಾನೇ ಒಂದು ಖಗೋಳಪತ್ರಿಕೆಯನ್ನು ಬರೆದು ಪ್ರತಿ ತೆಗೆದು ಹಂಚತೊಡಗಿದ. ಮುಂದೆ ಊರಿನ ವೃತ್ತಪತ್ರಿಕೆಗಳಿಗೂ ನಕ್ಷತ್ರಗಳ ವಿಷಯವಾಗಿ ಬರೆದ. ಅವನ ಕಣ್ಣೆದುರಿಗೇ ವಿಶ್ವ ಹಿಗ್ಗುತ್ತ ಹೋಯಿತು. 1925ರ ಜನವರಿ 1ರಂದು ವಾಷಿಂಗ್ಟನ್ನಿನ ವಿಜ್ಞಾನಿಗಳ ಸಭೆಯಲ್ಲಿ ಎಡ್ವಿನ್ ಹಬಲನ ಪ್ರಬಂಧವೊಂದನ್ನು ಓದಲಾಯಿತು. ದೇವಯಾನಿ ನೀಹಾರಿಕೆ ನಮ್ಮ ಆಕಾಶಗಂಗೆಯ ಒಳಗಿನದಲ್ಲ, ಅದರ ಆಚೆಯ ಬೇರೊಂದು ನಕ್ಷತ್ರಲೋಕ ಎಂಬುದು ಅದರಿಂದ ಖಚಿತವಾಯಿತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 25 ಲಕ್ಷ ಬೆಳಕಿನ ವರ್ಷಗಳ ದೂರದಲ್ಲಿದೆ. ವಿಜ್ಞಾನಿ ಇದನ್ನು ಅಂಕಿಗಳಲ್ಲಿ ಹೇಳಿದ. ಈ ಅಂಕಿಗಳು ಮನುಷ್ಯನ ಎದೆಯೊಳಗೆ ಇಳಿದರೆ ಏನಾದೀತು ಎಂಬುದನ್ನು ಲವ್‌ಕ್ರಾಫ್ಟ್ ಕತೆಯಲ್ಲಿ ಹೇಳಿದ.

ಹಾಗಾದರೆ ಇದರಲ್ಲಿ ಆಕರ್ಷಣೆಯೇನು? ನನಗೆ ತೋರುವ ಮೊದಲನೆಯ ಕಾರಣ ಕಲ್ಪನೆಗೆ ಸಂಬಂಧಿಸಿದ್ದು. ಭಯಂಕರವಾದುದಕ್ಕೆ ಅಸ್ಪಷ್ಟತೆ ಅವಶ್ಯವೆಂದು ಎಡ್ಮಂಡ್ ಬರ್ಕ್ 1757ರಷ್ಟು ಹಿಂದೆಯೇ ಪ್ರತಿಪಾದಿಸಿದ್ದ. ಅಪಾಯದ ಪೂರ್ಣ ಅಳತೆ ಸಿಕ್ಕಿದೊಡನೆ ಅರ್ಧ ಭಯ ಇಳಿಯುತ್ತದೆ. ಬಾನುಲಿ ನಾಟಕವನ್ನು ಕೇಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಣದ ಬಾಗಿಲು ಕಿರ್ರೆಂದಾಗ ಪ್ರತಿಯೊಬ್ಬ ಶ್ರೋತೃವೂ ತನ್ನ ಮನೆಯ ಬಾಗಿಲನ್ನೇ ಅಲ್ಲಿ ಹೂಡುತ್ತಾನೆ. ಹೆಸರಿಲ್ಲದ ಬಣ್ಣವನ್ನು ಕುರಿತು ಓದುವವನೂ ಹಾಗೆಯೇ; ಲೇಖಕ ಖಾಲಿ ಬಿಟ್ಟ ಜಾಗವನ್ನು ತನ್ನ ಭಯದಿಂದಲೇ ತುಂಬಿಕೊಳ್ಳುತ್ತಾನೆ.

ಎರಡನೆಯದು ಸ್ವಲ್ಪ ವಿಚಿತ್ರವಾಗಿ ಕಂಡೀತು: ಇದರಲ್ಲಿ ಒಂದು ನೆಮ್ಮದಿಯುಂಟು. ನಮ್ಮ ಮಾನ, ನಮ್ಮ ಸೋಲು, ನೆರೆಯವರ ಮಾತು, ಇವುಗಳ ಭಾರವನ್ನು ನಾವು ಹಗಲಿರುಳೂ ಹೊತ್ತು ತಿರುಗುತ್ತೇವೆ. ಸಂಸಾರದ ಲೆಕ್ಕ ಸರಿಹೊಂದದೆ ನಿದ್ರೆ ಬಾರದ ರಾತ್ರಿಗಳಲ್ಲಿ ಇಂಥ ಕತೆಗಳನ್ನು ಓದಿ ನಾನು ಹಗುರಾದದ್ದುಂಟು. ಕೋಟಿ ವರ್ಷಗಳ ಅಳತೆಯಲ್ಲಿ ನಡೆಯುವ ವ್ಯವಹಾರದ ಮುಂದೆ ನನ್ನ ಲೆಕ್ಕದ ಪುಸ್ತಕ ಬಹಳ ಸಣ್ಣದಾಯಿತು. ಸಣ್ಣದಾದದ್ದರಿಂದಲೇ ಎತ್ತಿಕೊಳ್ಳಲು ಸುಲಭವಾಯಿತು. ಮೂರನೆಯ ಕಾರಣ ಸತ್ಯನಿಷ್ಠೆ. ವಿಶ್ವ ನಮ್ಮ ಸಲುವಾಗಿಯೇ ಸಿದ್ಧವಾದ ಮನೆಯಲ್ಲವೆಂಬ ಸಂಶಯ ಇಂದಿನ ಮನುಷ್ಯನ ಮನಸ್ಸಿನ ತಳದಲ್ಲಿದೆ. ಅದನ್ನು ಮರೆಮಾಚದೆ ಆಡಿ ತೋರಿಸುವ ಸಾಹಿತ್ಯದ ಕಡೆಗೆ ಅವನು ತಿರುಗುವುದು ಸಹಜ.

ಇಲ್ಲಿ ಗೀತೆಯ ಹನ್ನೊಂದನೆಯ ಅಧ್ಯಾಯ ನೆನಪಾಗುತ್ತದೆ. ವಿಶ್ವರೂಪವನ್ನು ತೋರಿಸೆಂದು ಬೇಡಿದವನು ಅರ್ಜುನನೇ. ಕಂಡ ಮೇಲೆ ಮೊದಲು ವಿಸ್ಮಯ; ಬಳಿಕ, ಎರಡೂ ಸೇನೆಗಳ ವೀರರು ಆ ಬಾಯಿಗಳೊಳಗೆ ನುಗ್ಗಿ ಪುಡಿಯಾಗುವುದನ್ನು ನೋಡಿದಾಗ, ತಡೆಯಲಾರದ ಭಯ. ಅದ್ಭುತವೂ ಭಯಾನಕವೂ ಕೂಡುವ ಈ ಸಂಧಿಯೇ ವಿಶ್ವಭೀತಿಯ ನೆಲೆ. ಆದರೆ ಅಲ್ಲಿ ಒಂದು ಆಸರೆಯಿದೆ. ಆ ರೂಪ ಮಾತನಾಡುತ್ತದೆ. ಅರ್ಜುನನ ಹೆಸರು ಅದಕ್ಕೆ ಗೊತ್ತು. ಅವನು ಬೇಡಿಕೊಂಡಾಗ ಸೌಮ್ಯವಾದ ಮೊದಲಿನ ರೂಪಕ್ಕೆ ಮರಳಿ ಅವನನ್ನು ಸಂತೈಸುತ್ತದೆ. ಲವ್‌ಕ್ರಾಫ್ಟನ ವಿಶ್ವರೂಪಕ್ಕೆ ಸಾರಥಿಯ ಮುಖವಿಲ್ಲ. ಬೇಡಿಕೊಂಡರೆ ಕೇಳುವ ಕಿವಿಯೂ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತನ್ನು ಆಡಿದಂತಾಗುತ್ತದೆ. ಭಯಗಳಲ್ಲೆಲ್ಲ ಅರಿಯದುದರ ಭಯವೇ ಬಲವಾದದ್ದು ಎಂಬುದು ಲವ್‌ಕ್ರಾಫ್ಟನ ಸಿದ್ಧಾಂತ. ಆದರೆ ಅವನು ಅರಿಯದೆ ಹೆದರಿದ್ದು ನಕ್ಷತ್ರಗಳಿಗೆ ಮಾತ್ರವಲ್ಲ, ಬೀದಿಯ ಮನುಷ್ಯರಿಗೂ. 1924ರಿಂದ 1926ರವರೆಗೆ ಅವನು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ. ನಾನಾ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಜನ, ನಾನಾ ಭಾಷೆಗಳ ಗದ್ದಲ. 1925ರಲ್ಲಿ ಅಲ್ಲಿಯೇ ಬರೆದ ‘ರೆಡ್ ಹುಕ್’ ಬೀದಿಗಳ ಕತೆಯಲ್ಲಿ ಈ ವಲಸೆಗಾರರೇ ಪಿಶಾಚಗಳ ಸಂಗಾತಿಗಳು. ಕರಿಯರನ್ನೂ ಯಹೂದಿಗಳನ್ನೂ ಕುರಿತು ಅವನ ಪತ್ರಗಳಲ್ಲಿರುವ ಮಾತುಗಳನ್ನು ಇಲ್ಲಿ ಆಡಲು ನಾಲಗೆ ಏಳುವುದಿಲ್ಲ. ಅವನು ಕೈಹಿಡಿದ ಹೆಂಡತಿಯೇ ಯಹೂದಿ ಮನೆತನದವಳು! ಕೋಟಿ ಬೆಳಕಿನ ವರ್ಷಗಳನ್ನು ದಿಟ್ಟಿಸಬಲ್ಲ ಕಣ್ಣು ಪಕ್ಕದ ಓಣಿಯಲ್ಲಿ ಮಂಜಾಯಿತು. ವಿಶ್ವ ಕಲ್ಪನಾಸಾಹಿತ್ಯ ಪ್ರಶಸ್ತಿಯ ಸ್ಮರಣಿಕೆ ಹಲವು ದಶಕ ಅವನ ಮುಖದ ಪ್ರತಿಮೆಯೇ ಆಗಿತ್ತು. ಲೇಖಕರ ಆಕ್ಷೇಪಣೆ ಬೆಳೆದ ಮೇಲೆ, 2015ರಲ್ಲಿ, ಅದನ್ನು ಕೈಬಿಡುವ ತೀರ್ಮಾನ ಹೊರಬಿತ್ತು.

ಹಾಗೆಂದು ಅವನ ಕತೆಗಳನ್ನು ಸುಟ್ಟುಬಿಡಬೇಕೆ? ವಿಕ್ಟರ್ ಲವಾಲ್ ಎಂಬ ಕರಿಯ ಅಮೆರಿಕನ್ ಲೇಖಕ ಬೇರೊಂದು ದಾರಿಯನ್ನು ತೋರಿಸಿದ್ದಾನೆ. 2016ರಲ್ಲಿ ಬಂದ ಅವನ ಕಿರುಕಾದಂಬರಿ ಅದೇ ರೆಡ್ ಹುಕ್ ಕತೆಯನ್ನು ಒಬ್ಬ ಕರಿಯ ತರುಣನ ಕಡೆಯಿಂದ ಹೇಳುತ್ತದೆ. ಮನುಷ್ಯರು ಎಸಗುವ ಅನ್ಯಾಯವನ್ನು ಕಣ್ಣಾರೆ ಕಂಡವನಿಗೆ ಅಸಡ್ಡೆಯ ವಿಶ್ವ ಅಷ್ಟೇನೂ ಭಯಂಕರವಾಗಿ ತೋರುವುದಿಲ್ಲ. ಈ ಎರಡು ಕತೆಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಒಂದು ವಿವೇಕ ದೊರೆಯಿತು. ಅರಿಯದುದು ಎರಡು ಬಗೆ. ಒಂದು, ನಮ್ಮ ಅರಿವಿಗಿಂತ ದೊಡ್ಡದಾದುದು. ಅದರ ಮುಂದೆ ಅಂಜುವುದು ವಿನಯ. ಇನ್ನೊಂದು, ಅರಿಯುವ ಶ್ರಮವನ್ನು ನಾವು ತೆಗೆದುಕೊಳ್ಳದೆ ಹೋದುದು. ಅದರ ಮುಂದೆ ಅಂಜುವುದು ಸೋಮಾರಿತನ, ಬೆಳೆದರೆ ಕ್ರೌರ್ಯ. ನಕ್ಷತ್ರವನ್ನು ಮಾತನಾಡಿಸಲಾರೆವು; ಪಕ್ಕದ ಮನೆಗೆ ಹೊಸದಾಗಿ ಬಂದವರನ್ನು ಮಾತನಾಡಿಸಬಹುದು.

ನಕ್ಷತ್ರವನ್ನು ಮಾತನಾಡಿಸಲಾರೆವು ಎಂದೆ. ಮಾತನಾಡಿಸಲು ಹೊರಟಿದ್ದೇವೆ ಎಂಬುದನ್ನೂ ಹೇಳಬೇಕು. 1977ರ ಆಗಸ್ಟ್ 20ರಂದು, ಲವ್‌ಕ್ರಾಫ್ಟ್ ಹುಟ್ಟಿ ಸರಿಯಾಗಿ 87 ವರ್ಷ ತುಂಬಿದ ದಿನ, ವಾಯೇಜರ್-2 ನೌಕೆ ಭೂಮಿಯನ್ನು ಬಿಟ್ಟಿತು. ತಾರೀಖು ಹೊಂದಿಕೊಂಡದ್ದು ಆಕಸ್ಮಿಕ. ಅದರ ಒಡಲಿನಲ್ಲಿ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯೊಂದಿದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಆ 55ರಲ್ಲಿ ಕನ್ನಡವೂ ಒಂದು. ನೌಕೆ 2018ರ ನವೆಂಬರಿನಲ್ಲಿ ಸೌರಮಾರುತದ ಎಲ್ಲೆಯನ್ನು ದಾಟಿತು. ಈಗ ನಮ್ಮಿಂದ 2000 ಕೋಟಿ ಕಿಲೋಮೀಟರುಗಳಿಗಿಂತ ಆಚೆ ಹೋಗುತ್ತಿದೆ. ಸುಮಾರು 40,000 ವರ್ಷಗಳ ಬಳಿಕ ಅದು ಬೇರೊಂದು ನಕ್ಷತ್ರದ ಹತ್ತಿರ ಹಾಯಲಿದೆ, ಹತ್ತಿರವೆಂದರೆ 1.7 ಬೆಳಕಿನ ವರ್ಷಗಳ ದೂರ. ಕೇಳುವವರು ಯಾರಾದರೂ ಇರುವರೋ ಇಲ್ಲವೋ, ಹೇಳಬಲ್ಲವರಿಲ್ಲ. ಬಹುಶಃ ಆ ಕನ್ನಡದ ಮಾತು ಯಾವ ಕಿವಿಯನ್ನೂ ಮುಟ್ಟದೆ ಕತ್ತಲೆಯಲ್ಲಿ ಸಾಗುತ್ತಲೇ ಇರುತ್ತದೆ. ಅಂಜಿಕೆ ಹೋಗಿಲ್ಲ, ಅಂಜುತ್ತಲೇ ಮನುಷ್ಯ, ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುವ ಬದಲು, ಹೊಸ್ತಿಲು ದಾಟಿ ನಮಸ್ಕಾರ ಹೇಳಿದ್ದಾನೆ.