ವಿಂಡೋಸ್ ಬದಲಿಸುವ ಮುನ್ನ



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಅವು ಇಲ್ಲವೆಂದು ಶಾಲೆಯ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಬೇಡಿ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದರಲ್ಲೇ.

ಆದರೆ ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ನಾನು ಹಾಗೆ ಮಾಡಿ ಒಂದು ವರ್ಷದ ಉರ್ದು, ಕನ್ನಡ ಪ್ರಶ್ನೆಪತ್ರಿಕೆಗಳನ್ನು ಕಳೆದುಕೊಂಡೆ. ಮೊದಲು ಎಲ್ಲ ಫೈಲುಗಳ ಪ್ರತಿ ಬೇರೆಡೆ ತೆಗೆದಿಡಿ. ಒಂದು ಕಂಪ್ಯೂಟರಿಗೆ ಮಾತ್ರ ಹೊಸದನ್ನು ಹಾಕಿ, ಇನ್‌ಪೇಜ್, ನುಡಿ ಫೈಲುಗಳು ತೆರೆಯುತ್ತವೆಯೇ, ಪ್ರಿಂಟರ್ ನಡೆಯುತ್ತದೆಯೇ ನೋಡಿ. ಒಂದು ವಾರ ಸರಿಯಾಗಿ ನಡೆದರೆ ಉಳಿದವುಗಳಿಗೆ ಕೈಹಾಕಿ.

ವಿದ್ಯಾರ್ಥಿಗಳೆ, ಈ ಕೆಲಸವನ್ನು ನೀವೂ ಜೊತೆಗಿದ್ದು ಕಲಿಯಿರಿ.